ಗೆಳೆಯರು ಹೇಳಿದ್ದಕ್ಕೆಲ್ಲ ಪೋಸ್ಟರ್ ಬದಲಿಸಬೇಡಿ

ಕಾಲೇಜಿನ ಪೋಸ್ಟರ್ ಪ್ರಾಜೆಕ್ಟ್‌ಗಳಲ್ಲಿ ಪ್ರತಿ ವರ್ಷ ಒಂದೇ ಗೋಳು. ಮೊದಲ ಕರಡು ಚೆನ್ನಾಗಿರುತ್ತದೆ, ಸಹಪಾಠಿಗಳ ಅಭಿಪ್ರಾಯ ಬಂದ ಮೇಲೆ ಕೆಡುತ್ತದೆ. ಒಬ್ಬ ಹೇಳಿದ ಅಂತ ಅಕ್ಷರ ಉಬ್ಬುತ್ತದೆ, ಇನ್ನೊಬ್ಬಳು ಹೇಳಿದಳು ಅಂತ ಕೆಂಪು ಪಟ್ಟಿ ಬರುತ್ತದೆ, ಕೊನೆಗೆ ನೋಡಿದರೆ ಅದು ಚುನಾವಣೆ ಫ್ಲೆಕ್ಸ್.

ಅಭಿಪ್ರಾಯ ಪಡೆಯುವ ಮೊದಲ ಹೆಜ್ಜೆ ಸುಲಭ. ಸಹಪಾಠಿಗಳು ಮಾತಾಡುವಾಗ ವಾದ ಮಾಡಬೇಡಿ, ಅವರ ಮಾತಲ್ಲೇ ಬರೆದುಕೊಳ್ಳಿ.

ಎರಡನೆಯದರಲ್ಲೇ ಎಲ್ಲರೂ ಎಡವುವುದು. ಹಾಳೆಯಲ್ಲಿ ಎರಡು ಕಾಲಂ ಎಳೆಯಿರಿ. ಎಡಕ್ಕೆ ಅವರಿಗೆ ಆದ ತೊಂದರೆ, ಬಲಕ್ಕೆ ಅವರು ಸೂಚಿಸಿದ ಮದ್ದು. ಜನ ಸಾಮಾನ್ಯವಾಗಿ ಮದ್ದನ್ನೇ ಹೇಳುತ್ತಾರೆ, ತೊಂದರೆ ಏನೆಂದು ನೀವೇ ಕೇಳಿ ತಿಳಿಯಬೇಕು. ಬೀದರ್‌ನ ಬಿದ್ರಿ ಕಲೆಯ (ಕಪ್ಪು ಲೋಹದಲ್ಲಿ ಬೆಳ್ಳಿ ಕೂರಿಸುವ ಕುಸುರಿ ಕೆಲಸ) ಮೇಲೆ ಒಂದು ಎ3 ಪೋಸ್ಟರ್ ಇತ್ತು ಅಂದುಕೊಳ್ಳಿ. ಕಪ್ಪು ಹಿನ್ನೆಲೆ, ತೆಳ್ಳನೆಯ ಬೂದು ಅಕ್ಷರ, ಹಿಂದೆ ಬಳ್ಳಿಯ ಚಿತ್ತಾರ. ನಾಲ್ಕು ಜನ 'ಅಕ್ಷರ ದೊಡ್ಡದು ಮಾಡು' ಅಂದರು. ದೊಡ್ಡದು ಮಾಡಿದರೆ ಇನ್ನೂ ಇಕ್ಕಟ್ಟು! 'ಯಾವ ಸಾಲು ಓದೋಕೆ ಆಗಲಿಲ್ಲ?' ಅಂತ ಕೇಳಿದಾಗ ಗೊತ್ತಾಗುವುದೇ ಬೇರೆ: ಬಳ್ಳಿಯ ಗೆರೆ ಅಕ್ಷರದ ಮೇಲೆ ಹಾದುಹೋಗಿದೆ, 'ಕುಸುರಿ ಕೆತ್ತನೆ'ಯ ತ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗಿದೆ. ಕನ್ನಡಕ್ಕೆ ಇಂಗ್ಲಿಷಿಗಿಂತ ಜಾಸ್ತಿ ಸಾಲಂತರ ಬೇಕು, ಸಾಫ್ಟ್‌ವೇರ್ ತಾನಾಗಿ ಕೊಡುವ ಅಂತರ ಎಷ್ಟೋ ಸಲ ಸಾಲದು. ಇಲ್ಲಿ ಅಕ್ಷರ ಸ್ವಲ್ಪ ದಪ್ಪ ಮಾಡಿ, ಸಾಲು ಬಿಡಿಸಿ, ಬಳ್ಳಿಯನ್ನು ಅಂಚಿಗೆ ತಳ್ಳಿದರೆ ಸಾಕು. ಅಳತೆ ಮುಟ್ಟುವುದೇ ಬೇಡ.

ಫಾಂಟ್ ಬದಲಿಸು ಅಂದರೆ ಮಾತ್ರ ಹುಷಾರು. 'ನುಡಿ', 'ಬರಹ' ಎಂಬ ಕನ್ನಡ ಟೈಪಿಂಗ್ ಸಾಫ್ಟ್‌ವೇರ್‌ಗಳ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ್ದಕ್ಕೆ ಸುಮ್ನೆ ಯುನಿಕೋಡ್ (ಈಗ ಎಲ್ಲೆಡೆ ಬಳಸುವ ಅಕ್ಷರ ಸಂಕೇತ ಪದ್ಧತಿ) ಫಾಂಟ್ ಹಾಕಿದರೆ ಕನ್ನಡ ಹೋಗಿ ಚಿತ್ರವಿಚಿತ್ರ ಗುರುತು ಬರುತ್ತದೆ. ಮೊದಲು ಪಠ್ಯವನ್ನು ಯುನಿಕೋಡ್‌ಗೆ ಪರಿವರ್ತಿಸಿ. ಮೊಬೈಲ್ ಆ್ಯಪ್‌ಗಳ ರೆಡಿಮೇಡ್ ಟೆಂಪ್ಲೇಟಂತೂ ನನಗೆ ಆಗುವುದೇ ಇಲ್ಲ. ಇಡೀ ಕ್ಲಾಸಿನ ಪೋಸ್ಟರ್ ಒಂದೇ ಥರ ಕಾಣುತ್ತದೆ.

ಒಪ್ಪದ ಸಲಹೆಗೂ ಒಂದು ಸಾಲಿನ ಉತ್ತರ ಬರೆಯಿರಿ. 'ಕಪ್ಪು ಜಾಸ್ತಿಯಾಯ್ತು, ಬಣ್ಣ ಹಾಕು' ಅಂದವರಿಗೆ ಹೀಗೆ ಬರೆಯಬಹುದು: 'ಸತು ತಾಮ್ರದ ಮಿಶ್ರಲೋಹ ಬೀದರ್ ಕೋಟೆಯ ಮಣ್ಣಿನಿಂದ ಕಪ್ಪಾಗುತ್ತದೆ, ಬೆಳ್ಳಿ ಹಾಗೇ ಹೊಳೆಯುತ್ತದೆ. ಅದಕ್ಕೇ ಕಪ್ಪು ಉಳಿಸಿಕೊಂಡೆ.' 'ನನಗೆ ಇಷ್ಟ' ಅಂತ ಬರೆದರೆ ಅದು ಉತ್ತರ ಅಲ್ಲ. ಇಬ್ಬರು ತದ್ವಿರುದ್ಧ ಹೇಳಿದರೆ ಪೋಸ್ಟರ್ ಯಾರಿಗಾಗಿ ಅಂತ ನೋಡಿ. ಕೋಟೆ ನೋಡಲು ಬಂದ ಪ್ರವಾಸಿಗನಿಗೆ ಅಂದಮೇಲೆ ಕರಕುಶಲದ ಇಡೀ ಇತಿಹಾಸ ಯಾಕೆ?

ತಿದ್ದುವಾಗ ಹಳೆಯ ಫೈಲ್ ಉಳಿಸಿ, ಒಂದೊಂದೇ ಬದಲಾವಣೆ ಮಾಡಿ.

ಆಮೇಲೆ ಪ್ರಿಂಟ್. ಸ್ಕ್ರೀನ್ ನಂಬಬೇಡಿ, ಅಲ್ಲಿ ಹೊಳೆಯುವ ಬೂದು ಕಾಗದದ ಮೇಲೆ ಮಂಕಾಗುತ್ತದೆ. ನಿಜವಾದ ಅಳತೆಯಲ್ಲಿ, ಅಂದರೆ 297×420 ಮಿ.ಮೀ., ತೆಗೆಸಿ ಗೋಡೆಗೆ ಅಂಟಿಸಿ. ದುಡ್ಡು ಉಳಿಸಲು ಎ4 ಎರಡು ಹಾಳೆ ಜೋಡಿಸಿದರೂ ನಡೆಯುತ್ತದೆ. ಮೊದಲು ದೂರು ಹೇಳಿದವರನ್ನೇ ದೂರ ನಿಲ್ಲಿಸಿ. 'ಈಗ ಚೆನ್ನಾಗಿದೆಯಾ?' ಅಂದರೆ ದಾಕ್ಷಿಣ್ಯಕ್ಕೆ ಹೂಂ ಅಂತಾರೆ, ಅಲ್ವಾ? 'ಮೊದಲು ಏನು ಕಣ್ಣಿಗೆ ಬಿತ್ತು?' ಅಂತ ಕೇಳಿ. ಅಂಗಡಿಗೆ ಕೊಡುವ ಫೈಲಿನಲ್ಲಿ ಅಕ್ಷರಗಳನ್ನು ಕರ್ವ್ಸ್ ಮಾಡಿ (ಅಂದರೆ ಫಾಂಟ್ ಬೇಕಿಲ್ಲದ ಆಕಾರಗಳಾಗಿ ಬದಲಿಸಿ), ಒತ್ತಕ್ಷರಗಳನ್ನು ಇನ್ನೊಮ್ಮೆ ನೋಡಿಬಿಡಿ.