ಸರ್‌ನೇಮ್ ಬಿಟ್ಟು ಸಾಕ್ಷಿಗಳನ್ನು ಹಿಡಿದೆ: ವೋರ್‌ಹೀಸ್ ಹುಡುಕಾಟದ ನನ್ನ ಅನುಭವ

ಅಮೆರಿಕದ ಇಂಡಿಯಾನಾ ರಾಜ್ಯದ ಒಂದು ವೋರಿಸ್ ಕುಟುಂಬವನ್ನು ಬ್ರೂಕ್ಲಿನ್ನಿನ ಹಳೇ ಡಚ್ ವೋರ್‌ಹೀಸ್ ಮನೆತನಕ್ಕೆ ಜೋಡಿಸಿದ್ದೇನೆ. ಪ್ರತಿ ತಲೆಮಾರಿಗೂ ಕಾಗದ ಇದೆ. ಕೊನೆಗೆ ಡಿಎನ್‌ಎ ಕೂಡ ಹೂಂ ಅಂದಿದೆ. ನಾನು ಹೋಗುವ ಲೈಬ್ರರಿಯ ವಂಶಾವಳಿ ಗುಂಪಿನಲ್ಲಿ ಇದು ಆಗೋ ಕೆಲಸ ಅಲ್ಲ ಅಂದವರೇ ಜಾಸ್ತಿ. "ಸರ್‌ನೇಮ್ ನೋಡದೆ ಸರ್‌ನೇಮ್ ಹುಡುಕೋದು ಅಂದ್ರೇನು?" ಅಂತ ಹಿರಿಯರೊಬ್ಬರು ಎಲ್ಲರ ಮುಂದೆ ನಕ್ಕಿದ್ದರು. ಡಚ್ಚರ ಹೆಸರನ್ನು ಇಂಡಿಯಾದವನು ಹುಡುಕಿ ಕೊಡ್ತಾನಂತೆ ಅನ್ನೋ ಮಾತೂ ಕಿವಿಗೆ ಬಿದ್ದಿತ್ತು. ಈಗ ಅಲ್ಲಿ ಡಚ್ ರಿಜಿಸ್ಟರ್ ಓದಬೇಕಾದರೆ ನನಗೇ ಫೋನ್ ಬರುತ್ತದೆ.

ನಾನಿರುವುದು ನ್ಯೂಜೆರ್ಸಿಯ ಸಾಮರ್ಸೆಟ್ ಕೌಂಟಿಯಲ್ಲಿ. ಈ ಹೆಸರು ಇಲ್ಲಿ ಸುತ್ತಮುತ್ತ ಎಲ್ಲೆಲ್ಲೂ ಇದೆ. ರಟ್ಗರ್ಸ್ ಯೂನಿವರ್ಸಿಟಿಯೊಳಗೆ ವೋರ್‌ಹೀಸ್ ಮಾಲ್ ಇದೆ, ಹಂಟರ್‌ಡನ್ ಕೌಂಟಿಯಲ್ಲಿ ವೋರ್‌ಹೀಸ್ ಸ್ಟೇಟ್ ಪಾರ್ಕ್ ಇದೆ, ಕ್ಯಾಮ್ಡನ್ ಕಡೆ ವೋರ್‌ಹೀಸ್ ಅಂತ ಒಂದು ಟೌನ್‌ಶಿಪ್ಪೇ ಇದೆ. ಊರಿನ ಹೆಸರು ನೋಡಿ ಅಲ್ಲಿ ಆ ಮನೆತನ ನೆಲೆಸಿತ್ತು ಅಂದುಕೊಂಡು ಹುಡುಕೋರಿದ್ದಾರೆ. ಕ್ಯಾಮ್ಡನ್ನಿನ ಟೌನ್‌ಶಿಪ್ 1899ರದ್ದು. ಆಗ ಗವರ್ನರ್ ಆಗಿದ್ದವರು ಫಾಸ್ಟರ್ ವೋರ್‌ಹೀಸ್, ಅವರ ಹೆಸರನ್ನೇ ಇಟ್ಟರು. ನ್ಯೂಯಾರ್ಕಿನ ಆಲ್ಬನಿ ಹತ್ತಿರದ ವೋರ್‌ಹೀಸ್‌ವಿಲ್‌ಗೆ ಒಬ್ಬ ರೈಲ್ವೆ ವಕೀಲನ ಹೆಸರು. ಮ್ಯಾಪಿನಲ್ಲಿ ಚುಕ್ಕೆ ಇಟ್ಟು ಈ ಹೆಸರಿನ ಹರಡುವಿಕೆ ತೋರಿಸೋರು ಇವನ್ನು ಮೊದಲು ಅಳಿಸಬೇಕು.

ಹೆಸರಿನ ಮೂಲದ ಕತೆ ಬೇಗ ಮುಗಿಸುತ್ತೇನೆ. ನೆದರ್ಲೆಂಡ್ಸಿನ ಡ್ರೆಂಥೆ ಪ್ರಾಂತದಲ್ಲಿ ರೂಯ್ನೆನ್ ಹತ್ತಿರ ಹೇಸ್ ಅನ್ನೋ ಪುಟ್ಟ ಹಳ್ಳಿ. ಅದರ ಎದುರುಗಡೆ ಮನೆ ಇದ್ದವರು 'ವಾನ್ ವೋರ್ ಹೇಸ್'. ಸ್ಟೀವನ್ ಕೋರ್ಟೆನ್ ಅನ್ನುವವನು 1660ರಲ್ಲಿ 'ಬಾಂಟೆ ಕೂ' ಹಡಗು ಹತ್ತಿ ಹೆಂಡತಿ ಮಕ್ಕಳ ಸಮೇತ ಬಂದ. ಅದೇ ವರ್ಷ ಲಾಂಗ್ ಐಲೆಂಡಿನ ಫ್ಲಾಟ್‌ಲ್ಯಾಂಡ್ಸ್‌ನಲ್ಲಿ 3000 ಗಿಲ್ಡರ್ (ಡಚ್ ನಾಣ್ಯ) ಕೊಟ್ಟು ಜಮೀನು ಕೊಂಡ. ಹಳ್ಳಿಯೊಳಗಿನ ಮನೆ, ಬಿಯರ್ ಕಾಯಿಸುವ ಕಡಾಯಿ, ಪೀಪಾಯಿ ಎಲ್ಲ ಸೇರಿಸಿ ಇನ್ನೊಂದು ಖರೀದಿಯೂ ಆಯಿತು. ಗತಿಯಿಲ್ಲದೆ ಓಡಿ ಬಂದವನಲ್ಲ, ದುಡ್ಡಿದ್ದೇ ಬಂದವನು. ಅಮೆರಿಕದ ವೋರ್‌ಹೀಸ್, ವಾನ್ ವೋರಿಸ್, ವೋರಿಸ್ ಇವರಲ್ಲಿ ಬಹುಪಾಲು ಇವನೊಬ್ಬನ ಸಂತಾನ.

ಹೆಸರು ಕೈ ಜಾರೋದು ಇಲ್ಲೇ. ಸ್ಟೀವನ್‌ನ ಮಕ್ಕಳು ದಿನನಿತ್ಯ ಬಳಸಿದ್ದು ವೋರ್‌ಹೀಸ್ ಅಲ್ಲ, ಸ್ಟೀವೆನ್ಸೆ, ಅಂದರೆ ಸ್ಟೀವನ್ ಮಗ. ಕೋರ್ಟ್ ಸ್ಟೀವೆನ್ಸೆ, ಲುಕಾಸ್ ಸ್ಟೀವೆನ್ಸೆ, ಯಾನ್ ಸ್ಟೀವೆನ್ಸೆ, ಆಲ್ಬರ್ಟ್ ಸ್ಟೀವೆನ್ಸೆ, ಅಬ್ರಹಾಂ ಸ್ಟೀವೆನ್ಸೆ. ಕೋರ್ಟ್‌ನ ಮಕ್ಕಳು ಮತ್ತೆ ಕೋರ್ಟೆ ಆದರು. ನಮ್ಮಲ್ಲಿ ಊರಿನದೊಂದು, ಅಪ್ಪನದೊಂದು ಇನಿಶಿಯಲ್ ಇರುತ್ತಲ್ಲ, ಸರ್ಕಾರಿ ಕಾಗದಕ್ಕೆ ತಕ್ಕಂತೆ ಒಂದು ಬಿಟ್ಟು ಒಂದು ಇಟ್ಟುಕೊಳ್ಳುತ್ತೇವಲ್ಲ, ಹಾಗೇ. ಅಮೆರಿಕನ್ ಗೆಳೆಯರಿಗೆ ಇದು ಭಾರೀ ಗೋಜಲು, ನನಗೆ ಒಂದು ನಿಮಿಷವೂ ಹಿಡಿಯಲಿಲ್ಲ. 1687ರಲ್ಲಿ ಇಂಗ್ಲಿಷರು ಕಿಂಗ್ಸ್ ಕೌಂಟಿಯಲ್ಲಿ, ಅಂದರೆ ಈಗಿನ ಬ್ರೂಕ್ಲಿನ್ನಿನಲ್ಲಿ, ನಿಷ್ಠೆಯ ಪ್ರಮಾಣ ಮಾಡಿಸಿದ ಪಟ್ಟಿ ನೋಡಿ. ಫ್ಲಾಟ್‌ಲ್ಯಾಂಡ್ಸ್‌ನವರಲ್ಲಿ ಕೋರ್ಟ್‌ಗೆ ಮಾತ್ರ ಊರ ಹೆಸರು ಅಂಟಿದೆ, ತಮ್ಮಂದಿರು ಬರೀ ಸ್ಟೀವೆನ್ಸೆ. ಹೆಸರಿನ ಎದುರಿಗೆ, ಈ ದೇಶಕ್ಕೆ ಬಂದು ಎಷ್ಟು ವರ್ಷವಾಯಿತು ಅಂತಲೂ ಇದೆ: 27. 1660ಕ್ಕೆ ಸರಿಯಾಗಿ ಕೂತಿತು. ಪಟ್ಟಿಯ ಈ ಅಂಕಣವನ್ನು ಎಷ್ಟೋ ಜನ ನೋಡೋದೇ ಇಲ್ಲ.

ಈಗ ನನ್ನ ಕೇಸು. ಆಫೀಸಿನ ಗೆಳೆಯ ಒಬ್ಬ ವೋರಿಸ್. ಅವರ ಮನೆಯವರ ಪ್ರಕಾರ ಅವರು ಐರಿಷ್. ಅಜ್ಜನ ಅಜ್ಜ ಇಂಡಿಯಾನಾದ ಜಾನ್ಸನ್ ಕೌಂಟಿಯಲ್ಲಿ ರೈತ, ಅದಕ್ಕೂ ಹಿಂದೆ ಕೆಂಟಕಿ, ಅಲ್ಲಿಗೆ ದಾರಿ ಬಂದ್.

ಎಲ್ಲರೂ ಮಾಡೋ ಹಾಗೆ ಮೊದಲು ಸೌಂಡೆಕ್ಸ್ ಹಿಡಿದು ಹೊರಟಿದ್ದಾಯಿತು. ಒಂದೇ ತರ ಕೇಳಿಸೋ ಹೆಸರುಗಳಿಗೆ ಒಂದೇ ಕೋಡ್ ಕೊಡೋ ಪದ್ಧತಿ ಅದು. ವೋರ್‌ಹೀಸ್ ವಿ620, ವೋರಿಸ್ ಕೂಡ ವಿ620. ಖುಷಿಪಡೋ ಹೊತ್ತಿಗೆ ವ್ರೀಸ್ ಕೂಡ ವಿ620 ಅಂತ ಗೊತ್ತಾಗುತ್ತದೆ, ಅವರೆಲ್ಲ ಬಲೆಗೆ ಬೀಳುತ್ತಾರೆ. ಮುಂದೆ 'ವಾನ್' ಸೇರಿತೋ, ಕೋಡೇ ವಿ516 ಆಗಿ ಬೇರೆ ಡಬ್ಬಿಗೆ ಹೋಗುತ್ತದೆ. ಸುಮ್ನೆ ಇಂಟರ್ನೆಟ್ಟಿನಲ್ಲಿ ಹುಡುಕಿದರೆ ಮುಖವಾಡ ಹಾಕಿಕೊಂಡ ಸಿನಿಮಾ ಕೊಲೆಗಾರ ಹತ್ತು ಪುಟ ತುಂಬಿಕೊಂಡಿರುತ್ತಾನೆ, ಅವನ ಸರ್‌ನೇಮೂ ಇದೇ.

ಸೆನ್ಸಸ್ ನಂಬುವ ಹಾಗಿಲ್ಲ. ನ್ಯೂಜೆರ್ಸಿಯ 1790ರಿಂದ 1820ರವರೆಗಿನ ಫೆಡರಲ್ ಸೆನ್ಸಸ್ ಬಹುಪಾಲು ಉಳಿದೇ ಇಲ್ಲ. ತೆರಿಗೆ ಪಟ್ಟಿ ಇದೆಯಲ್ಲ ಅಂತೀರಿ. ಇದೆ, ಆದರೆ ಒಂದೇ ಟೌನ್‌ಶಿಪ್ಪಿನಲ್ಲಿ ಒಂದೇ ಹೆಸರಿನ ನಾಲ್ಕೈದು ಜನ. ಅಬ್ರಹಾಂ ವೋರ್‌ಹೀಸ್ ಅಂದರೆ ಯಾವ ಅಬ್ರಹಾಂ?

ಆಮೇಲೆ ದುಡ್ಡು ಸುರಿಯೋ ಕಾಲ. ಗೆಳೆಯನ ಚಿಕ್ಕಮ್ಮ ಒಬ್ಬ ವೃತ್ತಿಪರ ಸಂಶೋಧಕನನ್ನು ಹಿಡಿದರು. 700 ಡಾಲರ್ ಆಸುಪಾಸು ಹೋಯಿತು. ಬಂದದ್ದು ಚೆಂದದ ಫೈಲು, ಮೇಲೆ ಬಣ್ಣದ ಲಾಂಛನ, ಒಳಗೆ ಅವರನ್ನು ಯಾವುದೋ ಡಚ್ ಸರದಾರನಿಗೆ ಗಂಟುಹಾಕಿದ ಮರ. ಪ್ರತಿ ಕೊಂಡಿಗೆ ಆಧಾರ ಏನು ಅಂತ ಕೇಳಿದರೆ ಉತ್ತರವೇ ಬರಲಿಲ್ಲ. ಇದು ಹಳೇ ಧಂದೆ. ನೂರು ವರ್ಷದ ಹಿಂದೆ ಸ್ಟೇಟನ್ ಐಲೆಂಡಿನಲ್ಲಿ ಗುಸ್ಟಾವ್ ಆಂಜೂ ಅಂತ ಒಬ್ಬನಿದ್ದ. ಶ್ರೀಮಂತರಿಗೆ ಸುಳ್ಳು ವಂಶವೃಕ್ಷ ಬರೆದುಕೊಟ್ಟು ಸಾವಿರಗಟ್ಟಲೆ ಡಾಲರ್ ಎಣಿಸುತ್ತಿದ್ದ. ಅವನು ಕಟ್ಟಿದ ಮರಗಳ ಕೊಂಬೆಗಳು ಇವತ್ತಿಗೂ ಆನ್‌ಲೈನ್ ಮರಗಳಲ್ಲಿ ಚಿಗುರುತ್ತಲೇ ಇವೆ.

ಅಪ್ಪ ಅಮ್ಮ ಎರಡೂ ಕಡೆಯ ಸಂಬಂಧ ತೋರಿಸೋ ಆಟೋಸೋಮಲ್ ಡಿಎನ್‌ಎ ಕಿಟ್ ಎರಡು ತರಿಸಿದೆವು. ದಂಡ. ಸಂಬಂಧಿಕರು ಸಿಗಲಿಲ್ಲ ಅಂತಲ್ಲ, ಸಿಕ್ಕಾಪಟ್ಟೆ ಸಿಕ್ಕರು. ವೈಕಾಫ್, ಸ್ಟ್ರೈಕರ್, ನೀವಿಯಸ್, ವಾನ್ ನಾಸ್ಟ್ರಂಡ್, ಎಲ್ಲರೂ ದೂರದ ಕಸಿನ್. ನೂರೈವತ್ತು ವರ್ಷ ತಮ್ಮತಮ್ಮಲ್ಲೇ ಹೆಣ್ಣು ಕೊಟ್ಟು ತಂದ ಜನ. ಅಲ್ಲಿ ಸಣ್ಣ ತುಣುಕು ಹೊಂದಿದ್ದನ್ನು ಹಿಡಿದು ಯಾವ ಕವಲು ಅಂತ ಹೇಳೋಕಾಗಲ್ಲ.

ಸರ್‌ನೇಮ್ ಬಿಡಬೇಕು ಅನ್ನೋದು ಹೊಳೆದದ್ದು ಡಚ್ ರಿಫಾರ್ಮ್ಡ್ ಚರ್ಚಿನ ದೀಕ್ಷಾಸ್ನಾನದ ರಿಜಿಸ್ಟರ್ ಓದುವಾಗ. ಇಂಗ್ಲಿಷ್ ಚರ್ಚಿನ ಗುಮಾಸ್ತ 'ಜಾನ್ ಮತ್ತು ಅವನ ಹೆಂಡತಿ ಮೇರಿ' ಅಂತ ಬರೆದು ಕೈತೊಳೆದುಕೊಳ್ಳುತ್ತಾನೆ. ಡಚ್ಚರಲ್ಲಿ ತಾಯಿಯ ತವರಿನ ಹೆಸರು ಇರುತ್ತದೆ, ಜೊತೆಗೆ ಇಬ್ಬರು ಸಾಕ್ಷಿಗಳು. ಸಾಕ್ಷಿಗಳು ಬೀದಿಯಲ್ಲಿ ಹೋಗೋರಲ್ಲ. ಅಜ್ಜ, ಅಜ್ಜಿ, ಸೋದರಮಾವ, ದೊಡ್ಡಮ್ಮ. ಹೆಸರಿಡೋದಕ್ಕೂ ಕ್ರಮ ಇದೆ. ಒಬ್ಬ ಗಂಡುಮಗನಿಗೆ ಅಪ್ಪನ ಕಡೆ ಅಜ್ಜನ ಹೆಸರು, ಇನ್ನೊಬ್ಬನಿಗೆ ತಾಯಿ ಕಡೆ ಅಜ್ಜನದು. ಕೋರ್ಟ್ ಸ್ಟೀವೆನ್ಸೆ ಮದುವೆಯಾದದ್ದು ಗೆರಿಟ್ ವಾನ್ ಕೌವೆನ್‌ಹೋವೆನ್ ಮಗಳನ್ನು. ಮಕ್ಕಳಲ್ಲಿ ಒಬ್ಬ ಸ್ಟೀವನ್, ಒಬ್ಬ ಗೆರಿಟ್. ಹೊಸ ಹೆಸರು ಮನೆಗೆ ಹೊಕ್ಕಿತು ಅಂದರೆ ಅದು ಸೊಸೆಯ ಜೊತೆ ಬಂದದ್ದು. ಅವಳ ತವರು ಹುಡುಕು, ಕವಲು ಸಿಗುತ್ತದೆ.

ಹಾಗಾಗಿ ಸ್ಪ್ರೆಡ್‌ಶೀಟಿನಲ್ಲಿ ಸರ್‌ನೇಮ್ ಕಾಲಂ ಅನ್ನೇ ಮುಚ್ಚಿಟ್ಟೆ. ತಂದೆಯ ಮೊದಲ ಹೆಸರು, ತಾಯಿಯ ಪೂರ್ತಿ ಹೆಸರು, ಸಾಕ್ಷಿಗಳು, ಪಕ್ಕದ ಜಮೀನಿನವರು, ಇಷ್ಟೇ. ರಾರಿಟನ್, ಹ್ಯಾಕೆನ್‌ಸ್ಯಾಕ್, ಹಾರ್ಲಿಂಗೆನ್, ರೀಡಿಂಗ್‌ಟನ್ ಚರ್ಚುಗಳದ್ದು ಒಂದೊಂದಾಗಿ ತುಂಬಿಸಿದೆ. ಸುಮಾರು 4000 ಸಾಲು ಇರಬಹುದು. ಡಚ್ ಪೂರ್ತಿ ಬರಬೇಕಿಲ್ಲ, ಮೂವತ್ತು ನಲವತ್ತು ಪದ ಸಾಕು. ಮದುವೆ ಪುಸ್ತಕದಲ್ಲಿ ಜೆ.ಎಂ. (ಮದುವೆಯಾಗದ ಗಂಡು), ಜೆ.ಡಿ. (ಮದುವೆಯಾಗದ ಹೆಣ್ಣು) ಅಂತ ಇದ್ದರೆ ಮೊದಲ ಮದುವೆ, ಅದನ್ನು ಬಿಡಬೇಡಿ. ಇಬ್ಬರು ಅಬ್ರಹಾಂಗಳನ್ನು ಬೇರೆ ಮಾಡೋಕೆ ಎಷ್ಟೋ ಸಲ ಅದೇ ದಾರಿ.

ಕೆಂಟಕಿ ಕಡೆಯಿಂದಲೂ ಅದನ್ನೇ ಮಾಡಿದೆ. ಅಲ್ಲಿನ ತೆರಿಗೆ ಪಟ್ಟಿಯಲ್ಲಿ ವೋರಿಸ್‌ಗಳ ಅಕ್ಕಪಕ್ಕ ಯಾರಿದ್ದಾರೆ ನೋಡಿ. ಬಾಂಟಾ, ಡೆಮರೀ, ಕೋಜೈನ್, ವಾನ್ ಆರ್ಸ್‌ಡೇಲ್. ಐರಿಷ್ ಎಲ್ಲಿಂದ ಬಂತು? ಇವರು 'ಲೋ ಡಚ್' ಅಂತ ಕರೆಸಿಕೊಂಡ ಡಚ್ ಮೂಲದವರ ಗುಂಪು. ನ್ಯೂಜೆರ್ಸಿಯಿಂದ 1760ರ ದಶಕದಲ್ಲಿ ಪೆನ್ಸಿಲ್ವೇನಿಯಾದ ಕೊನೆವಾಗೋಗೆ ಹೋದವರು, ಈಗಿನ ಗೆಟಿಸ್‌ಬರ್ಗ್ ಪಕ್ಕ. ಅಲ್ಲಿಂದ 1780ರ ಸುಮಾರಿಗೆ ಕೆಂಟಕಿ. ಹ್ಯಾರಡ್ಸ್‌ಬರ್ಗ್ ಹತ್ತಿರ ಅವರು ಕಟ್ಟಿದ ಮಣ್ಣುಗೋಡೆಯ ಚರ್ಚು ಈಗಲೂ ನಿಂತಿದೆ, 1800ರದ್ದು. ಅವರ ಮಕ್ಕಳು ಮತ್ತೆ ಇಂಡಿಯಾನಾ ದಾಟಿದರು. ಜಾನ್ಸನ್ ಕೌಂಟಿಯ ಹೋಪ್‌ವೆಲ್‌ಗೆ ಹೋದರೆ ಕೆಂಟಕಿಯ ನೆರೆಹೊರೆಯವರೇ ಮತ್ತೆ ನೆರೆಹೊರೆ. ಜನ ಒಬ್ಬೊಬ್ಬರಾಗಿ ಹೋಗಲಿಲ್ಲ, ಇಡೀ ಕೇರಿ ಎದ್ದು ಹೋಯಿತು. ಸರ್‌ನೇಮ್ ಬಿಟ್ಟರೂ ಕೇರಿ ಸಿಕ್ಕರೆ ಸಾಕು ಅನ್ನೋದು ನನ್ನ ವಾದ.

ಕೊನೆವಾಗೋ ರಿಜಿಸ್ಟರ್ ತೆಗೆದರೆ ಗೆಳೆಯನ ಮುತ್ತಾತನ ಮುತ್ತಾತ ಮಗುವಾಗಿ ಕೂತಿದ್ದಾನೆ. ಸರ್‌ನೇಮಿನ ಜಾಗದಲ್ಲಿ ಗುಮಾಸ್ತ ಗೀಚಿದ್ದನ್ನು ಯಾವ ಸರ್ಚ್ ಕೂಡ ವೋರಿಸ್ ಅಂತ ಓದೋದಿಲ್ಲ. ಸಾಕ್ಷಿಗಳು ಹಿಡಿದುಕೊಟ್ಟರು. ಆ ಸಾಕ್ಷಿ ದಂಪತಿ ನ್ಯೂಜೆರ್ಸಿಯ ಹ್ಯಾಕೆನ್‌ಸ್ಯಾಕ್ ರಿಜಿಸ್ಟರಿನಲ್ಲೂ ಇದ್ದರು, ಆಲ್ಬರ್ಟ್ ಸ್ಟೀವೆನ್ಸೆ ಕವಲಿನಲ್ಲಿ. ಇಬ್ಬರು ಒಂದೇ ಹೆಸರಿನ ಸಾಕ್ಷಿಗಳಿದ್ದಾಗ ಯಾರು ಯಾರು ಅಂತ ಬೇರೆ ಮಾಡೋಕೆ ನಾನು ಒಂದು ಉಪಾಯ ಮಾಡಿಕೊಂಡಿದ್ದೇನೆ. ಅದು ಇಲ್ಲಿ ಬೇಡ. ರಿಜಿಸ್ಟರಿನ ಪುಟದ ಅಂಚು ನೋಡಿ ಅಂತ ಮಾತ್ರ ಹೇಳುತ್ತೇನೆ.

ಆಮೇಲೆ ವೈ-ಡಿಎನ್‌ಎ, ಅಂದರೆ ಅಪ್ಪನಿಂದ ಮಗನಿಗೆ ಮಾತ್ರ ಇಳಿಯೋ ಡಿಎನ್‌ಎ ಪರೀಕ್ಷೆ. 37 ಮಾರ್ಕರಿನದು (ಹೋಲಿಸಿ ನೋಡೋ ಜಾಗಗಳು), ಡಿಸ್ಕೌಂಟ್ ಬಂದಾಗ ಎರಡು ಕಿಟ್, ಒಂದಕ್ಕೆ ನೂರು ಡಾಲರ್ ಚಿಲ್ಲರೆ. ಒಂದು ಗೆಳೆಯನಿಗೆ, ಇನ್ನೊಂದು ಕಾಗದಪತ್ರ ಪಕ್ಕಾ ಇರುವ ಒಬ್ಬ ವಾನ್ ವೋರಿಸ್‌ಗೆ. ಒಂದೋ ಎರಡೋ ಮಾರ್ಕರ್ ಬಿಟ್ಟು ಎಲ್ಲ ಹೊಂದಿತು. ಇದನ್ನೇ ಮೊದಲು ಮಾಡಬಹುದಿತ್ತಲ್ಲ ಅಂತ ಕೇಳೋರಿಗೆ: ಡಿಎನ್‌ಎ ಮನೆತನ ಹೇಳಿತು, ಕವಲು ಹೇಳಲಿಲ್ಲ. ಒಟ್ಟು ಖರ್ಚು 1800 ಡಾಲರ್ ಹತ್ತಿರ. ಕೆಲಸಕ್ಕೆ ಬಂದದ್ದು ಅದರಲ್ಲಿ 400 ಇರಬಹುದು. ಟ್ರೆಂಟನ್ನಿನ ಸ್ಟೇಟ್ ಆರ್ಕೈವ್ಸ್‌ನಲ್ಲಿ ಕೂತು ವಿಲ್, ಡೀಡ್ ಓದಿದ್ದಕ್ಕೆ ಪೆಟ್ರೋಲು, ಪಾರ್ಕಿಂಗು, ಒಂದಿಷ್ಟು ಜೆರಾಕ್ಸು, ಅಷ್ಟೇ.

ಸ್ಪ್ರೆಡ್‌ಶೀಟ್ ಇತ್ತಲ್ಲ, ಸುಮ್ಮನಿರೋಕಾಗಲಿಲ್ಲ. 'ಮಿನ್ನೆ' ಅನ್ನೋ ಹೆಸರೊಂದನ್ನೇ ಹಿಡಿದು ನೋಡಿದೆ. ಲುಕಾಸ್ ಸ್ಟೀವೆನ್ಸೆಯ ಒಬ್ಬ ಹೆಂಡತಿ ಮಿನ್ನೆ ಯೋಹಾನ್ನೆಸ್ ಅನ್ನುವವನ ಮಗಳು. ಅಜ್ಜನ ಹೆಸರು ಮೊಮ್ಮಗನಿಗೆ ಬಂತು, ಅಲ್ಲಿಂದ ತಲೆಮಾರುಗಟ್ಟಲೆ ಮಿನ್ನೆಗಳು. ವೋರ್‌ಹೀಸ್ ಮನೆಯಲ್ಲಿ ಮಿನ್ನೆ ಕಂಡರೆ ಕಣ್ಣುಮುಚ್ಚಿ ಲುಕಾಸ್ ಕವಲಿಗೆ ಹಾಕಿ, ಆಮೇಲೆ ಕಾಗದ ಹುಡುಕಿ. ನನಗೆ ಇನ್ನೂ ತಪ್ಪಿಲ್ಲ.

ಲೂಸಿಯಾನಾದಲ್ಲಿ ಇದೇ ಹೆಸರು ಕ್ಯಾಥೊಲಿಕ್ ಆಗಿ, ಫ್ರೆಂಚ್ ಆಗಿ ಕೂತಿದೆ. 1866ರಲ್ಲಿ ಅಲ್ಲಿನ ಲೆಫ್ಟಿನೆಂಟ್ ಗವರ್ನರ್ ಆಲ್ಬರ್ಟ್ ವೋರ್ಹೀಸ್. ಆ ಕಡೆ ಹೆಸರು ಹೇಳೋ ರಾಗ ಕೇಳಿದರೆ ಡ್ರೆಂಥೆಯ ರೈತ ನೆನಪಿಗೂ ಬರುವುದಿಲ್ಲ. ಓಹಾಯೋದಲ್ಲಿ ಹುಟ್ಟಿ ಇಂಡಿಯಾನಾದ ಸೆನೆಟರ್ ಆದ ಡೇನಿಯಲ್ ವೋರ್‌ಹೀಸ್ ಇನ್ನೊಂದು ಕಡೆ. ಇವರೆಲ್ಲ ಸುಲಭ, ದೊಡ್ಡವರಿಗೆ ಕಾಗದ ಜಾಸ್ತಿ.

ರಕ್ತ ಹಿಡಿದುಕೊಂಡೇ ಹೊರಟರೆ ಈ ಹೆಸರಿನ ಹರಡುವಿಕೆ ಅರ್ಧವೇ ಕಾಣುತ್ತದೆ. ಕಿಂಗ್ಸ್ ಕೌಂಟಿಯ, ರಾರಿಟನ್ ಕಣಿವೆಯ ಡಚ್ ರೈತರು ಗುಲಾಮರನ್ನು ಇಟ್ಟುಕೊಂಡಿದ್ದರು, ತುಂಬಾ ಜನ. ಸಾಮರ್ಸೆಟ್ಟಿನ ಕಪ್ಪು ಜನರಲ್ಲೂ ವೋರ್‌ಹೀಸ್‌ಗಳಿದ್ದಾರೆ. 1804ರ ನ್ಯೂಜೆರ್ಸಿ ಕಾನೂನಿನ ಪ್ರಕಾರ ಗುಲಾಮ ತಾಯಂದಿರ ಮಕ್ಕಳ ಜನನವನ್ನು ಕೌಂಟಿಯಲ್ಲಿ ಬರೆಸಬೇಕಿತ್ತು, ಒಡೆಯನ ಹೆಸರಿನ ಸಮೇತ. ಆ ಪುಸ್ತಕ ತೆಗೆಯದೆ ಹೆಸರಿನ ಹರಡುವಿಕೆಯ ಮ್ಯಾಪ್ ಮಾಡುವವರ ಕೆಲಸವನ್ನು ನಾನು ಒಪ್ಪುವುದಿಲ್ಲ. ದಕ್ಷಿಣ ಕೆರೊಲಿನಾದ ಡೆನ್ಮಾರ್ಕ್ ಊರಿನಲ್ಲಿರುವ ವೋರ್‌ಹೀಸ್ ಯೂನಿವರ್ಸಿಟಿಯ ಕತೆ ಬೇರೆ. ಎಲಿಜಬೆತ್ ಎವೆಲಿನ್ ರೈಟ್ 1897ರಲ್ಲಿ ಕಪ್ಪು ಮಕ್ಕಳಿಗಾಗಿ ಶುರುಮಾಡಿದ ಶಾಲೆ ಅದು. ದುಡ್ಡು ಕೊಟ್ಟ ನ್ಯೂಜೆರ್ಸಿಯ ರಾಲ್ಫ್ ವೋರ್‌ಹೀಸ್ ಹೆಸರು ಆಮೇಲೆ ಬಂತು.

ಈಗ ಕೈಯಲ್ಲಿರೋದು ಓವಾಸ್ಕೋ ಕವಲು. ಕೊನೆವಾಗೋದಿಂದ ಕೆಂಟಕಿಗೆ ಹೋಗದೆ ನ್ಯೂಯಾರ್ಕಿನ ಕಯೂಗಾ ಕೌಂಟಿಗೆ ತಿರುಗಿದವರು. ಆ ಕಡೆಯ ಚರ್ಚಿನ ಪುಸ್ತಕ ಯಾರಾದರೂ ಸಾಕ್ಷಿಗಳ ಸಮೇತ ಬರೆದಿಟ್ಟುಕೊಂಡಿದ್ದರೆ ಹೇಳಿ. ನನ್ನ ಮಿನ್ನೆ ಪಟ್ಟಿ ಕೊಡುತ್ತೇನೆ. ಬರೀ ಸರ್‌ನೇಮ್ ಪ್ರಕಾರ ಜೋಡಿಸಿಟ್ಟ ಫೈಲ್ ಇದ್ದರೆ ಬೇಡ.