ಗೊತ್ತಿಲ್ಲದವರು ‘ಚಿನ್ನ’, ‘ಡಿಯರ್’ ಅಂದರೆ ಏನು ಮಾಡೋದು?

ಮೈ ಉರಿಯಿತಾ? ಅದು ನಿಮ್ಮ ತಪ್ಪಲ್ಲ. ಅದೇ ‘ಚಿನ್ನ’ ಅಜ್ಜಿಯ ವಯಸ್ಸಿನವರ ಬಾಯಲ್ಲಿ ಬಂದರೆ ಹಿತವಾಗಿರುತ್ತದೆ, ಆದರೆ ಮೀಟಿಂಗ್‌ನಲ್ಲಿ ನಿಮ್ಮ ಮಾತನ್ನು ಅರ್ಧಕ್ಕೇ ತಡೆದು ‘ಇರು ಡಿಯರ್’ ಅನ್ನುವವರ ಬಾಯಲ್ಲಿ ಪ್ರೀತಿ ಇರುವುದಿಲ್ಲ, ನಿಮ್ಮನ್ನು ಚಿಕ್ಕವರನ್ನಾಗಿ ಮಾಡುವ ಆಟ ಇರುತ್ತದೆ. ಪರೀಕ್ಷೆ ಸುಲಭ: ತಮ್ಮ ಬಾಸ್‌ಗೂ ಹೀಗೇ ಅನ್ನುತ್ತಾರಾ? ಇಲ್ಲ ಅಲ್ವಾ.

ಒಮ್ಮೆ ಸಿಕ್ಕಿ ಹೋಗುವವರಾದರೆ ಸುಮ್ನೆ ಬಿಟ್ಟುಬಿಡಿ. ದಿನಾ ಸಿಗುವವರಾದರೆ ಮೊದಲ ಸಲವೇ ಹೇಳಿ, ನಗಬೇಕಿಲ್ಲ, ಕೂಗಾಡುವುದೂ ಬೇಡ: ‘ನನ್ನನ್ನು ಹೆಸರು ಹಿಡಿದೇ ಕರೆಯಿರಿ.’ ಅಷ್ಟೇ. ‘ತಪ್ಪು ತಿಳಿಯಬೇಡಿ, ಆದರೆ...’ ಅಂತ ಶುರು ಮಾಡಿದರೆ ಕೆಟ್ಟಿತು (ನಾನು ಹಾಗೇ ಮಾಡಿ ಎರಡು ವರ್ಷ ‘ಸ್ವೀಟಿ’ ಆಗಿಯೇ ಉಳಿದೆ). ಹೇಳಿದ ಮೇಲೂ ನಿಲ್ಲಿಸದಿದ್ದರೆ ದಿನಾಂಕ ಬರೆದಿಟ್ಟು ಮೇಲಿನವರಿಗೆ ತಿಳಿಸಿ.

ಹೀಗೆ ಕರೆಯುವವರು ನೀವೇನಾ? ವಯಸ್ಸಾದವರನ್ನು ನೋಡಿಕೊಳ್ಳುವಾಗ ಜಾಸ್ತಿ ಎಚ್ಚರ ಬೇಕು. ಅವರ ಜೊತೆ ಮಗುವಿನ ಹತ್ತಿರ ಮಾತಾಡಿದ ಹಾಗೆ ಮಾತಾಡುವುದಕ್ಕೆ ‘ಎಲ್ಡರ್‌ಸ್ಪೀಕ್’ ಅಂತ ಹೆಸರೇ ಇದೆ, ಮರೆವಿನ ಕಾಯಿಲೆ ಇರುವವರು ಇಂಥ ಮಾತಿಗೆ ಇನ್ನಷ್ಟು ಹಟ ಹಿಡಿಯುವುದನ್ನು ಸಂಶೋಧಕರು ಕಂಡಿದ್ದಾರೆ. ‘ನಿಮ್ಮನ್ನು ಏನಂತ ಕರೆಯಲಿ?’ ಅಂತ ಒಮ್ಮೆ ಕೇಳಿಬಿಡಿ.