ಮೆಚ್ಚಿನ ಬ್ಯಾಂಡಿನ ಆಲ್ಬಂಗೆ ಅಭಿಮಾನಿಯೇ ವಿಮರ್ಶೆ ಬರೆಯುವುದು ಹೇಗೆ?

ಬ್ಯಾಂಡು ನಿಮಗೆ ಅಚ್ಚುಮೆಚ್ಚು. ಹೊಸ ಆಲ್ಬಂ ಬಂದಿದೆ. ವಿಜಯಪುರದ ನಿಮ್ಮ ಕಾಲೇಜಿನ ಪತ್ರಿಕೆಗೆ ನಾಲ್ಕು ಪ್ಯಾರಾ ಬರೆಯಬೇಕು. ಹೊಗಳಿದರೆ ‘ಅಭಿಮಾನಿ, ಇನ್ನೇನ್ ಬರೀತಾನ’ ಅಂತಾರೆ. ತೆಗಳಿದರೆ ಗೆಳೆಯರೇ ಮಾತು ಬಿಡ್ತಾರೆ.

ಮೊದಲು ಶಫಲ್ ಆಫ್ ಮಾಡಿ. ಯಾವ ಹಾಡಿನ ನಂತರ ಯಾವುದು ಅನ್ನೋದನ್ನೂ ಬ್ಯಾಂಡಿನವರು ಯೋಚಿಸಿ ಇಟ್ಟಿರುತ್ತಾರೆ. ಮೊಬೈಲ್ ಸ್ಪೀಕರ್ ಬೇಡ, ಅದರಲ್ಲಿ ಬೇಸ್ ಗಿಟಾರ್ ಸರಿಯಾಗಿ ಕೇಳಿಸುವುದೇ ಇಲ್ಲ. ಒಂದು ಸಲ ಸುಮ್ನೆ ಕೇಳಿ. ಎರಡನೇ ಸಲ ಪೆನ್ನು ಹಿಡಿಯಿರಿ. ಯಾವ ಹಾಡು, ಎಷ್ಟನೇ ನಿಮಿಷ, ಏನಾಯಿತು ಎಂದು ಬರೆದುಕೊಳ್ಳಿ. ‘ಸಂಗೀತ ಸಪ್ಪೆ’ ಎಂದರೆ ಓದುಗನ ಕೈಗೆ ಏನೂ ಸಿಗದು. ‘ಮೂರನೇ ಹಾಡಿನ ಪಲ್ಲವಿಯಲ್ಲಿ ಡ್ರಮ್ಸ್ ಅಬ್ಬರಕ್ಕೆ ಮಾತು ಮುಳುಗಿದೆ’ ಎಂದರೆ ಅವನೂ ಕೇಳಿ ನೋಡಬಹುದು, ಬೇಕಿದ್ದರೆ ಜಗಳಕ್ಕೂ ಬರಬಹುದು. ರಿವರ್ಬ್, ಅಂದರೆ ದನಿಗೆ ಸೇರಿಸುವ ಮಾರ್ದನಿ, ಜಾಸ್ತಿಯಾಗಿ ದನಿ ಗೋಳಗುಮ್ಮಟದಲ್ಲಿ ಕೂಗಿದ ಹಾಗಿದ್ದರೆ ಅದನ್ನೂ ಹೇಳಿ.

ಹಳೇ ಆಲ್ಬಂ ಜೊತೆ ಹೋಲಿಸುವಾಗ ಎರಡರ ವಾಲ್ಯೂಮ್ ಒಂದೇ ಮಟ್ಟಕ್ಕೆ ತನ್ನಿ. ತುಸು ಜೋರಾಗಿ ಕೇಳಿದ್ದೇ ಚೆನ್ನಾಗಿದೆ ಅನ್ನಿಸುವುದು ಕಿವಿಯ ಸ್ವಭಾವ.

ನಮ್ಮವರು ಹೆಚ್ಚು ಎಡವುವುದು ತತ್ವಪದ ಬಂದಾಗ. ಶಿಶುನಾಳ ಶರೀಫರ ಪದಕ್ಕೆ ಗಿಟಾರ್ ಸೇರಿದ ಕೂಡಲೇ ‘ಮೂಲ ಧಾಟಿ ಕೆಡಿಸ್ಯಾರ’ ಎಂಬ ಕೂಗು ಏಳುತ್ತದೆ. ಯಾವ ಮೂಲ? ಶರೀಫರು ತೀರಿಕೊಂಡದ್ದು 1889ರಲ್ಲಿ. ಅವರ ಪದಗಳು ಬಾಯಿಂದ ಬಾಯಿಗೆ ಬಂದವು. ಪೇಟಿ, ದಮ್ಮಡಿ ಹಿಡಿದು ಕೂತ ಭಜನಾ ಮೇಳಗಳು ಊರಿಗೊಂದು ಧಾಟಿಯಲ್ಲಿ ಹಾಡಿದವು. ನಮ್ಮಲ್ಲಿ ಬಹಳ ಮಂದಿಯ ಕಿವಿಯಲ್ಲಿ ಇರುವುದು ಸಿ. ಅಶ್ವತ್ಥ್ ಹಾಡಿದ್ದು. ಹಾಗಾಗಿ ಧಾಟಿ ಬೇರೆಯಾಯಿತು ಅನ್ನುವುದೊಂದೇ ಕಾರಣಕ್ಕೆ ಅಂಕ ಕಳೆಯಬೇಡಿ. ಉಸಿರು ಎಳೆದುಕೊಂಡ ಜಾಗದಲ್ಲಿ ಸಾಲು ಮುರಿದು ಅರ್ಥ ಕೆಟ್ಟಿತೇ, ನೋಡಿ. ಪದದ ಯಾವ ನುಡಿ (ಚರಣ) ಬಿಟ್ಟರು? ಕೊನೆಯ ‘ಶಿಶುನಾಳಧೀಶ’ ಅಂಕಿತ ಉಳಿಯಿತೇ, ಇಲ್ಲ ಗಿಟಾರ್ ಸೋಲೋಗೆ ಜಾಗ ಮಾಡಲು ಅದನ್ನೇ ಹಾರಿಸಿದರೇ? ಹಾರಿಸಿದ್ದರೆ ನಾನಂತೂ ಬಿಡುವುದಿಲ್ಲ, ಎಷ್ಟೇ ಮೆಚ್ಚಿನ ಬ್ಯಾಂಡ್ ಆಗಿರಲಿ.

ಬರೆಯುವಾಗ ಅಭಿಮಾನವನ್ನು ಮೊದಲ ಪ್ಯಾರಾದಲ್ಲೇ ಹೇಳಿಬಿಡಿ, ಮುಚ್ಚಿಡುವುದೇನಿದೆ? ಬರೆದಾದ ಮೇಲೆ ಬ್ಯಾಂಡಿನ ಹೆಸರು ತೆಗೆದು ಓದಿ. ನಿನ್ನೆ ಮೊನ್ನೆ ಶುರುವಾದ ಹುಡುಗರ ತಂಡವಾಗಿದ್ದರೆ ಇದೇ ಮಾತು ಬರೆಯುತ್ತಿದ್ದಿರಾ? ಇಲ್ಲವಾದರೆ ಆ ಸಾಲು ತಿದ್ದಿ. ಗಾಯಕನ ಗಡ್ಡ, ಸಂಸಾರ, ಸಂಭಾವನೆ ವಿಮರ್ಶೆಗೆ ಬೇಡ.

ಕಳಿಸುವ ಮುನ್ನ ಸಾಹಿತ್ಯ ಬರೆದವರು, ತಬಲಾ ನುಡಿಸಿದವರು, ಮಿಕ್ಸಿಂಗ್ ಮಾಡಿದವರ ಹೆಸರು ಆಲ್ಬಂನಲ್ಲಿ ನೋಡಿ ಸರಿಯಾಗಿ ಸೇರಿಸಿ. ಹೊಗಳಿಕೆಯೆಲ್ಲ ಮೈಕ್ ಮುಂದೆ ನಿಂತವರಿಗೇ ಹೋಗಿಬಿಡುತ್ತೆ, ಅಲ್ವಾ?